ಗೋಮುಖದ ದಾರಿಯಲ್ಲಿ

‘ಹಿಮನದಿ’ ಎಂಬ ಮಾತು ಬಹುಕಾಲ ನಮ್ಮಲ್ಲಿ ಭೂಗೋಳದ ಪುಸ್ತಕಕ್ಕೆ ಮಾತ್ರ ಸೇರಿದ್ದಾಗಿತ್ತು. ಕನ್ನಡನಾಡಿನ ಹಳ್ಳಿಯ ಜಗಲಿಗಳ ಮೇಲೂ ಅದು ಕೇಳಿಬಂದದ್ದು 2016ರ ಫೆಬ್ರವರಿಯಲ್ಲಿ. ಕಾರಕೋರಂ ಪರ್ವತಗಳ ನಡುವೆ ಸುಮಾರು 76 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಹತ್ತೊಂಬತ್ತು ಸಾವಿರ ಅಡಿಗೂ ಮಿಗಿಲಾದ ಎತ್ತರದ ಕಾವಲುಠಾಣೆಯೊಂದರ ಮೇಲೆ ಆ ತಿಂಗಳ 3ರಂದು ಹಿಮರಾಶಿ ಕುಸಿದುಬಿದ್ದು ಹತ್ತು ಮಂದಿ ಯೋಧರು ಹೂತುಹೋದರು. ದಿನಗಳು ಕಳೆದವು. ಹಿಮವನ್ನು ಅಗೆಯುತ್ತಿದ್ದವರಿಗೆ ಒಬ್ಬ ಯೋಧರು ಇನ್ನೂ ಉಸಿರಾಡುತ್ತಿರುವುದು ಕಂಡಿತು. ಅವರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನವರು, ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನಾಡಿಗೆ ನಾಡೇ ಅವರಿಗಾಗಿ ದೇವರಿಗೆ ಕೈಮುಗಿಯಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ನನ್ನ ಮೊಮ್ಮಗಳಿಗೆ ಆಗ ಏಳು ವರ್ಷ. ವೃತ್ತಪತ್ರಿಕೆಯನ್ನು ಕೂಡಿಸಿಕೊಂಡು ಓದುತ್ತಿದ್ದವಳು, “ತಾತ, ನದಿ ಅಂದರೆ ಹರಿಯೋದು ಅಲ್ಲವೆ? ಹಿಮ ಹೇಗೆ ಹರಿಯುತ್ತೆ?” ಎಂದು ಕೇಳಿದಳು. ನಾನು ಕನ್ನಡದ ಮೇಷ್ಟರು. ಚಳಿಗಾಲದಲ್ಲಿ ಹೆರೆಗಟ್ಟಿದ ಜೇನುತುಪ್ಪವನ್ನು ಬಾಟಲಿಯಿಂದ ಬಗ್ಗಿಸಿ ತೋರಿಸಿ, ಇದಕ್ಕಿಂತ ಲಕ್ಷಪಾಲು ನಿಧಾನವಾಗಿ ಹರಿಯುತ್ತದೆ ಎಂದೆ. ಅವಳು ಜೇನುತುಪ್ಪವನ್ನು ನೆಕ್ಕಿದಳೇ ಹೊರತು ಉತ್ತರವನ್ನು ಒಪ್ಪಿಕೊಳ್ಳಲಿಲ್ಲ. ಪ್ರಶ್ನೆ ಮನೆಯಲ್ಲಿ ಉಳಿದುಕೊಂಡಿತು. 2023ರ ದಸರಾ ರಜೆಯಲ್ಲಿ ನಾನು, ನನ್ನ ಮನೆಯವರು, ಮಗ, ಸೊಸೆ, ಒಂಬತ್ತನೆಯ ತರಗತಿಯ ಈ ಮೊಮ್ಮಗಳು ಮತ್ತು ಅವಳ ತಮ್ಮ, ಹೀಗೆ ಆರು ಮಂದಿ ಗಂಗೋತ್ರಿ ಹಿಮನದಿಯನ್ನು ನೋಡಲು ಹೊರಟೆವು. ನನ್ನ ಮನೆಯವರ ಮನಸ್ಸಿನಲ್ಲಿದ್ದದ್ದು ಹಿಮನದಿಯಲ್ಲ, ಗಂಗೆ. ಬಾವಿಯನ್ನು ತೋಡಿಸಿ ನೀರು ಬಂದರೂ “ಗಂಗಮ್ಮ ಬಂದಳು” ಎನ್ನುವ ಸೀಮೆಯವರು ನಾವು. ಆ ಗಂಗಮ್ಮನ ತವರನ್ನೇ ನೋಡುವ ಅವಕಾಶವನ್ನು ಅವರು ಬಿಟ್ಟಾರೆಯೇ? ಪುಟ್ಟ ತಾಮ್ರದ ಗಿಂಡಿಯೊಂದು ಮೊದಲ ದಿನವೇ ಅವರ ಚೀಲವನ್ನು ಸೇರಿತು.

ಹಿಮ ಹರಿಯುವ ಬಗೆಯನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಎತ್ತರದ ಶಿಖರಗಳ ಮಡಿಲಿನಲ್ಲಿ ಬಿದ್ದ ಹಿಮ ಬೇಸಗೆಯಲ್ಲಿ ಪೂರ್ತಿಯಾಗಿ ಕರಗುವುದಿಲ್ಲ. ಉಳಿದುದರ ಮೇಲೆ ಮರುವರ್ಷದ ಹಿಮ, ಅದರ ಮೇಲೆ ಮತ್ತೊಂದು ವರ್ಷದ್ದು. ಹೊಸದಾಗಿ ಬಿದ್ದ ಹಿಮ ಎಕ್ಕೆಯ ಹತ್ತಿಯಂತೆ ಹಗುರ. ಅದರ ತುಂಬ ಗಾಳಿ. ಮೇಲಿನ ಭಾರಕ್ಕೆ ಅಡಿಯ ಪದರಗಳು ಅದುಮಿಕೊಂಡು, ಗಾಳಿ ಹಿಂಡಿಹೋಗಿ, ಹರಳುಗಳು ಒಂದಕ್ಕೊಂದು ಬೆಸೆದು, ಹಲವು ವರ್ಷಗಳಲ್ಲಿ ಕಲ್ಲಿನಂಥ ಮಂಜುಗಡ್ಡೆಯಾಗುತ್ತದೆ. ಅದರ ದಪ್ಪ ಹತ್ತಾರು ಮೀಟರುಗಳಾದ ಮೇಲೆ ತನ್ನ ಭಾರವನ್ನು ತಾನೇ ತಾಳಲಾರದೆ ಇಳಿಜಾರಿನತ್ತ ಜಗ್ಗತೊಡಗುತ್ತದೆ. ಮೇಲಿನ ಪದರ ಗಡುಸು, ಆದ್ದರಿಂದ ಬಿರಿಯುತ್ತದೆ. ಒಳಗಿನದು ಒತ್ತಡಕ್ಕೆ ಸಿಕ್ಕಿ ಕಣಕದಂತೆ ನಾದಿಕೊಂಡು ಜರುಗುತ್ತದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ 1840ರ ದಶಕದಲ್ಲಿ ಹಿಮನದಿಯೊಂದಕ್ಕೆ ಅಡ್ಡಲಾಗಿ, ಒಂದೇ ಸಾಲಿನಲ್ಲಿ ಗೂಟಗಳನ್ನು ನೆಡಿಸಿದರು. ಕಾಲ ಕಳೆದಂತೆ ಸಾಲು ಬಿಲ್ಲಿನಂತೆ ಬಾಗಿತು. ನಡುವಿನ ಗೂಟಗಳು ಮುಂದೆ, ದಡದವು ಹಿಂದೆ. ನೀರಿನ ನದಿಯೂ ನಡುವಿನಲ್ಲಿಯೇ ವೇಗವಾಗಿ ಹರಿಯುತ್ತದೆಯಷ್ಟೆ.

ಮನುಷ್ಯರೇ ಗೂಟಗಳಾದ ಕತೆಯೊಂದುಂಟು. 1820ರಲ್ಲಿ ಫ್ರಾನ್ಸಿನ ಮೌಂಟ್ ಬ್ಲಾಂಕ್ ಪರ್ವತವನ್ನೇರುತ್ತಿದ್ದ ತಂಡವೊಂದರ ಮೂವರು ಮಾರ್ಗದರ್ಶಕರು ಹಿಮಕುಸಿತಕ್ಕೆ ಸಿಕ್ಕಿ ಮಂಜಿನ ಬಿರುಕೊಳಗೆ ಬಿದ್ದುಹೋದರು. ಜೇಮ್ಸ್ ಫೋರ್ಬ್ಸ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಹಿಮನದಿಯ ವೇಗವನ್ನು ಅಳೆದು, ಸುಮಾರು ನಲವತ್ತು ವರ್ಷಗಳಲ್ಲಿ ಅವರ ದೇಹಗಳು ಕೆಳಗಿನ ತುದಿಯಲ್ಲಿ ಹೊರಬೀಳಬಹುದು ಎಂದು ಹೇಳಿದ್ದರು. 1861ರಲ್ಲಿ ಬೊಸೋನ್ ಹಿಮನದಿಯ ತುದಿಯಲ್ಲಿ ಅವರ ಅವಶೇಷಗಳು ಕಾಣಿಸಿಕೊಂಡವು. ಋಷಿಕೇಶಕ್ಕೆ ಹೋಗುವ ರೈಲಿನಲ್ಲಿ ಈ ಕತೆಯನ್ನು ಹೇಳಿದಾಗ ಮೊಮ್ಮಗ ರಾತ್ರಿ ಅಜ್ಜಿಯ ಮಗ್ಗುಲನ್ನು ಬಿಡಲಿಲ್ಲ. ಮೊಮ್ಮಗಳು ಮಾತ್ರ ಮೊದಲ ಬಾರಿಗೆ ಹಿಮವೂ ಹರಿಯುತ್ತದೆಂದು ಒಪ್ಪಿಕೊಂಡಳು.

ಋಷಿಕೇಶದಿಂದ ಉತ್ತರಕಾಶಿ, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಮೇಲೆ ಗಂಗೋತ್ರಿ. ಬೆಟ್ಟದ ರಸ್ತೆಯ ತಿರುವುಗಳ ವರ್ಣನೆ ಎಲ್ಲ ಪ್ರವಾಸಕಥನಗಳಲ್ಲಿಯೂ ಇದೆ. ನಾನು ಅದನ್ನು ಬಿಡುತ್ತೇನೆ. ಗಂಗೋತ್ರಿಯ ದೇವಾಲಯ ಹತ್ತು ಸಾವಿರ ಅಡಿಗೂ ಹೆಚ್ಚಿನ ಎತ್ತರದಲ್ಲಿದೆ. ಅಕ್ಷಯತೃತೀಯೆಯ ವೇಳೆಗೆ ಬಾಗಿಲು ತೆರೆದು, ದೀಪಾವಳಿಯ ವೇಳೆಗೆ ಮುಚ್ಚುತ್ತಾರೆ. ಚಳಿಗಾಲದಲ್ಲಿ ಉತ್ಸವಮೂರ್ತಿ ಕೆಳಗಿನ ಮುಖ್‌ಬಾ ಗ್ರಾಮಕ್ಕೆ ಇಳಿದುಬರುತ್ತದೆ. ಇಲ್ಲಿ ಹರಿಯುವ ನದಿಯ ಹೆಸರು ಭಾಗೀರಥಿ. ದೇವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡಿದ ಮೇಲೆಯೇ ಅವಳು ಗಂಗೆ. “ಹಾಗಾದರೆ ಇಲ್ಲಿ ಗಂಗೆಯೇ ಇಲ್ಲವೆ?” ಎಂದು ಮೊಮ್ಮಗ ಕೇಳಿದ್ದಕ್ಕೆ, ನನ್ನ ಮನೆಯವರು, “ಮದುವೆಗೆ ಮುಂಚೆ ನನಗೂ ಬೇರೆ ಮನೆತನದ ಹೆಸರಿತ್ತು, ಆಗ ನಾನು ನಾನಾಗಿರಲಿಲ್ಲವೆ?” ಎಂದರು. ಇದಕ್ಕಿಂತ ಒಳ್ಳೆಯ ಉತ್ತರ ಯಾವ ಭೂಗೋಳದ ಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ.

ಗಂಗೋತ್ರಿಯಲ್ಲಿ ಎರಡು ರಾತ್ರಿ ತಂಗಿದೆವು. ತೆಳುವಾದ ಗಾಳಿಗೆ ಮೈ ಒಗ್ಗಬೇಕು. ಅಲ್ಲಿಂದ ಹಿಮನದಿಯ ತುದಿಯಾದ ಗೋಮುಖಕ್ಕೆ ಸುಮಾರು 18 ಕಿಲೋಮೀಟರ್ ಕಾಲುದಾರಿ. ಅದು ರಾಷ್ಟ್ರೀಯ ಉದ್ಯಾನದೊಳಗಿನ ದಾರಿಯಾದ್ದರಿಂದ ಅರಣ್ಯ ಇಲಾಖೆಯ ಪರವಾನಗಿ ಬೇಕು. ದಿನಕ್ಕೆ 150 ಮಂದಿಗೆ ಮಾತ್ರ ಅದನ್ನು ಕೊಡುತ್ತಾರೆ. ಜೊತೆಗೆ ತೆಗೆದುಕೊಂಡುಹೋದ ಪ್ಲಾಸ್ಟಿಕ್ಕಿನ ಲೆಕ್ಕವನ್ನೂ ಒಪ್ಪಿಸಬೇಕು. ಈ ಕಟ್ಟುನಿಟ್ಟು ಕೆಲವರಿಗೆ ಕಿರಿಕಿರಿ. ನನಗಾದರೋ ನಮ್ಮ ನಾಡಿನ ಬೆಟ್ಟಗಳಿಗೂ ಇಂಥ ಒಂದು ಬಾಗಿಲಿರಬಾರದೆ ಎನಿಸಿತು.

ಬೆಳಗ್ಗೆ ಹೊರಟವರು ಒಂಬತ್ತು ಕಿಲೋಮೀಟರಿನ ಚೀಡ್‌ಬಾಸಾದಲ್ಲಿ ಬುತ್ತಿ ಬಿಚ್ಚಿದೆವು. ಅಲ್ಲಿಯವರೆಗೆ ದೇವದಾರು, ಪೈನ್ ಮರಗಳು ಉಂಟು. ಮುಂದೆ ಮರ ಕುಳ್ಳಾಗಿ, ಪೊದೆಯಾಗಿ, ಕೊನೆಗೆ ಬರಿಯ ಕಲ್ಲು. ಎದುರಿನ ಇಳಿಜಾರಿನಲ್ಲಿ ಭರಲ್ ಎಂಬ ಕಾಡುಕುರಿಗಳ ಹಿಂಡು ಕಲ್ಲಿನ ಬಣ್ಣಕ್ಕೆ ಬೆರೆತು ನಿಂತಿತ್ತು. ಒಂದು ಕದಲಿದ ಮೇಲೆಯೇ ಉಳಿದವು ಕಣ್ಣಿಗೆ ಬಿದ್ದವು. ಸಂಜೆಯ ಹೊತ್ತಿಗೆ ತಲುಪಿದ ಭೋಜ್‌ಬಾಸಾ ಎಂಬ ಹೆಸರು ಭೂರ್ಜವೃಕ್ಷದಿಂದ ಬಂದದ್ದು. ಕಾಗದವಿಲ್ಲದ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಗ್ರಂಥಗಳನ್ನು ಬರೆದದ್ದು ಈ ಮರದ ತೊಗಟೆಯ ಮೇಲೆ. ಆದರೆ ಹೆಸರಿನ ಊರಿನಲ್ಲಿ ಮರಗಳು ವಿರಳ. ಯಾತ್ರಿಕರ ಒಲೆಗೆ ಬಹುಪಾಲು ಉರಿದುಹೋದವು. ಪರ್ವತಾರೋಹಿ ಡಾ. ಹರ್ಷವಂತಿ ಬಿಷ್ಟ್ ಅವರು ಇಲ್ಲಿ ಭೂರ್ಜದ ಸಸಿಗಳನ್ನು ನೆಡಿಸಿ ಬೆಳೆಸಲು ಬಹಳ ವರ್ಷ ದುಡಿದಿದ್ದಾರೆ. ಅಷ್ಟು ಎತ್ತರದ ಚಳಿಯಲ್ಲಿ ಸಸಿಯೊಂದು ಮನುಷ್ಯನ ಮಂಡಿಯೆತ್ತರಕ್ಕೆ ಬರಲು ವರ್ಷಗಳು ಬೇಕು. ಕಡಿಯುವುದಕ್ಕೆ ಎಷ್ಟು ಹೊತ್ತು ಬೇಕಾಗಿದ್ದೀತು?

ಆ ರಾತ್ರಿ ನನ್ನ ಮನೆಯವರಿಗೆ ತಲೆ ಸಿಡಿಯತೊಡಗಿತು. ಊಟ ಸೇರಲಿಲ್ಲ, ಎರಡು ಸಲ ವಾಂತಿಯಾಯಿತು. “ಆಯಾಸ ಅಷ್ಟೆ ರೀ, ಬೆಳಗ್ಗೆ ಸರಿಹೋಗುತ್ತೆ” ಎಂದರು. ಅಲ್ಲಿ ಎತ್ತರ ಹನ್ನೆರಡು ಸಾವಿರ ಅಡಿ ಮೀರಿದೆ. ಉಸಿರೊಂದಕ್ಕೆ ದೊರೆಯುವ ಆಮ್ಲಜನಕ ನಮ್ಮ ಊರಿನಲ್ಲಿ ದೊರೆಯುವುದರ ಮುಕ್ಕಾಲು ಪಾಲಿಗಿಂತ ಹೆಚ್ಚಿರಲಾರದು. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಇವು ಮೈ ಕೊಡುವ ಮೊದಲ ಎಚ್ಚರಿಕೆ. ಅದನ್ನು ಕೇಳದೆ ಮೇಲೆ ಹತ್ತಿದವರಿಗೆ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿಕೊಂಡು ಪ್ರಾಣಕ್ಕೇ ಸಂಚಕಾರ ಬರುವುದುಂಟು. ನಂಬಬಹುದಾದ ಔಷಧ ಒಂದೇ, ಕೆಳಗಿಳಿಯುವುದು. ಇಷ್ಟು ದೂರ ಬಂದು ಹಿಂದಿರುಗುವುದು ಹೇಗೆ ಎಂಬ ಸಂಕೋಚದಿಂದ ಜನ ನೋವನ್ನು ಮುಚ್ಚಿಡುತ್ತಾರೆ. ಯಾತ್ರೆಗೆ ಬಂದ ಹೆಂಗಸರು ಇನ್ನೂ ಹೆಚ್ಚಾಗಿ ಮುಚ್ಚಿಡುತ್ತಾರೆ, ವ್ರತಭಂಗವಾದೀತೆಂಬ ಭಯ.

ಬೆಳಗ್ಗೆ ಎದ್ದಾಗ ನೋವು ಇಳಿದಿರಲಿಲ್ಲ. ನಮ್ಮ ಮಾರ್ಗದರ್ಶಕ ಅವರ ಮುಖವನ್ನು ಒಮ್ಮೆ ನೋಡಿ, “ಮಾತಾಜಿ ಮೇಲಕ್ಕೆ ಬೇಡ” ಎಂದ. ಗೋಮುಖಕ್ಕೆ ಉಳಿದದ್ದು ಬರಿಯ ನಾಲ್ಕು ಕಿಲೋಮೀಟರ್. ನಲವತ್ತು ವರ್ಷ ಸಂಸಾರದಲ್ಲಿ ಅವರು ತಮಗಾಗಿ ಕೇಳಿದ್ದು ಬಹಳ ಕಡಿಮೆ. ಕೇಳಿದ ಒಂದು ಇಷ್ಟು ಹತ್ತಿರದಲ್ಲಿತ್ತು. ನಾನೂ ಇಳಿಯುತ್ತೇನೆಂದೆ. ಅವರು ಒಪ್ಪಲಿಲ್ಲ. “ಮಕ್ಕಳಿಗೆ ತೋರಿಸಬೇಕು ಅಂತಲೇ ಬಂದದ್ದು. ಅವಳಿಗೆ ಉತ್ತರ ಹೇಳಬೇಕಾದವರು ನೀವು. ನನ್ನ ಪಾಲಿನ ಗಂಗೆ ಇಲ್ಲೇ ಹರೀತಿದ್ದಾಳಲ್ಲ” ಎಂದು ಗಿಂಡಿಯನ್ನು ಸೊಸೆಯ ಕೈಗೆ ಕೊಟ್ಟರು. ಮಗ, ಸಾಮಾನು ಹೊರುವ ಹುಡುಗನೊಬ್ಬನನ್ನು ಜೊತೆಮಾಡಿಕೊಂಡು, ತಾಯಿಯನ್ನು ನಿಧಾನವಾಗಿ ಕರೆದುಕೊಂಡು ಕೆಳಗಿಳಿದ. ತಿರುವಿನಲ್ಲಿ ಅವರು ಮರೆಯಾಗುವವರೆಗೆ ನಿಂತಿದ್ದು ನಾವು ನಾಲ್ವರು ಮಾರ್ಗದರ್ಶಕನ ಹಿಂದೆ ಹೊರಟೆವು.

ಮುಂದಿನದು ದಾರಿಯೆನ್ನುವಂತಿಲ್ಲ, ಮನೆಯಷ್ಟು, ಎಮ್ಮೆಯಷ್ಟು, ತೆಂಗಿನಕಾಯಿಯಷ್ಟು ಗಾತ್ರದ ಬಂಡೆಗಳ ಸಂತೆ. ಯಾರು ತಂದು ಸುರಿದರು ಇವನ್ನು? ಹಿಮನದಿಯೇ. ಇಕ್ಕೆಲದ ಬೆಟ್ಟಗಳನ್ನು ಉಜ್ಜಿ, ಕಿತ್ತು, ಹೊತ್ತು ತಂದದ್ದನ್ನು ತಾನು ಕರಗಿದೆಡೆಯಲ್ಲಿ ಚೆಲ್ಲಿಹೋಗಿದೆ. ಎದುರಿಗೆ ಭಾಗೀರಥಿ ಶಿಖರಗಳು. ಬಲಗಡೆಗೆ 6,543 ಮೀಟರ್ ಎತ್ತರದ ಶಿವಲಿಂಗ ಶಿಖರ, ಹೆಸರಿಗೆ ತಕ್ಕ ರೂಪ. ಮಾರ್ಗದರ್ಶಕ ಒಂದು ದೊಡ್ಡ ಬಂಡೆಯ ಬಳಿ ನಿಂತ. ಆತನಿಗೆ ಐವತ್ತರ ಸಮೀಪದ ವಯಸ್ಸು. ಹತ್ತು ವರ್ಷದ ಹುಡುಗನಾಗಿ ತಂದೆಯ ಜೊತೆ ಮೊದಲು ಬಂದಾಗ ಮಂಜುಗಡ್ಡೆಯ ಗೋಡೆ ಇಲ್ಲಿತ್ತೆಂದು ಕೈಯಿಟ್ಟು ತೋರಿಸಿದ. ಮುಂದೆ ನೋಡಿದರೆ ಬರಿಯ ಕಲ್ಲು, ನಡುವೆ ನೀರಿನ ಮೊರೆತ. ಮೊಮ್ಮಗಳು ಮಾತಾಡಲಿಲ್ಲ. ಬಂಡೆಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದ ಹೆಜ್ಜೆಗಳನ್ನು ಎಣಿಸುತ್ತ ನಡೆಯತೊಡಗಿದಳು.

ಗೋಮುಖವನ್ನು ಕ್ಯಾಲೆಂಡರಿನ ಚಿತ್ರದಂತೆ ಊಹಿಸಿಕೊಂಡು ಬಂದವರಿಗೆ ನಿರಾಶೆಯಾದೀತು. “ತಾತ, ಹಿಮ ಬೆಳ್ಳಗಿರಬೇಕಲ್ಲವೆ? ಇದು ಸಿಮೆಂಟಿನ ಹಾಗಿದೆ” ಎಂದ ಮೊಮ್ಮಗ. ಅವನು ಹೇಳಿದ್ದು ಸರಿ. ಬೂದು ಬಣ್ಣದ ಎತ್ತರವಾದ ಗೋಡೆ, ಅದರ ನೆತ್ತಿಯ ಮೇಲೆ ಕಲ್ಲುಮಣ್ಣಿನ ರಾಶಿ. ಹೊಸದಾಗಿ ಬಿರಿದ ಕಡೆ ಮಾತ್ರ ಒಳಗಿನ ನೀಲಿ ಕಾಣುತ್ತದೆ. ಆ ನೀಲಿಗೆ ಬಣ್ಣದ ಪೆಟ್ಟಿಗೆಯಲ್ಲಿ ಹೆಸರಿಲ್ಲ. ಗೋಡೆಯ ಬುಡದಿಂದ ನದಿ ಹುಟ್ಟುತ್ತಿತ್ತು. ತೊಟ್ಟಿಕ್ಕುವ ಬುಗ್ಗೆಯಾಗಿ ಅಲ್ಲ, ಹುಟ್ಟುವಾಗಲೇ ಪ್ರೌಢವಾಗಿ, ಮಂಜುಗಡ್ಡೆಯ ತುಂಡುಗಳನ್ನು ಉರುಳಿಸುತ್ತ. ತುದಿಯ ಸಮೀಪಕ್ಕೆ ಹೋಗಗೊಡುವುದಿಲ್ಲ. ಗೋಡೆಯಿಂದ ಗಡ್ಡೆಗಳು ಕಳಚಿಬೀಳುತ್ತಿರುತ್ತವೆ. ನಾವು ನಿಂತಿದ್ದ ಅರ್ಧ ಗಂಟೆಯಲ್ಲಿಯೇ ಒಮ್ಮೆ ಗುಡುಗಿನಂಥ ಸದ್ದಾಯಿತು. ಹಗ್ಗ ಹಿಡಿದು ತಡೆದವರಾರೂ ಇಲ್ಲದಿದ್ದರೂ ಮಾರ್ಗದರ್ಶಕ ಕೈಯನ್ನು ಅಡ್ಡಹಿಡಿದ. ಅಲ್ಲಿಗೆ ಮೊಮ್ಮಗಳ ಎಣಿಕೆ 912ಕ್ಕೆ ನಿಂತಿತು. ಗೋಡೆ ಇನ್ನೂ ಇನ್ನೂರು ಮೀಟರಿನಷ್ಟು ಆಚೆಗಿತ್ತು.

ಬಂಡೆಗಳ ಮೇಲೆ ಇಟ್ಟ ಹೆಜ್ಜೆ ಅಳತೆಗೋಲಲ್ಲ. ಆದರೂ ಲೆಕ್ಕ ಹಾಕಿದರೆ ನಲವತ್ತು ವರ್ಷಗಳಲ್ಲಿ ಏಳುನೂರು ಮೀಟರುಗಳ ಆಸುಪಾಸು ಬರುತ್ತದೆ. ಶಾಸ್ತ್ರೀಯವಾದ ಅಳತೆಗಳೂ ಇವೆ. ಸ್ಯಾಮುಯೆಲ್ ಬೋರ್ನ್ ಎಂಬಾತ 1866ರಲ್ಲಿ ಭಾರವಾದ ಕ್ಯಾಮರಾವನ್ನು ಹೊರಿಸಿಕೊಂಡು ಬಂದು ಗೋಮುಖದ ಛಾಯಾಚಿತ್ರ ತೆಗೆದಿದ್ದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಬಿ. ಆಡೆನ್ 1935ರಲ್ಲಿ ತುದಿಯ ನಕ್ಷೆಯನ್ನು ಬರೆದರು. ಆಂಗ್ಲ ಕವಿ ಡಬ್ಲ್ಯು. ಎಚ್. ಆಡೆನ್ ಇವರ ತಮ್ಮ. ಒಂದೇ ಮನೆಯಲ್ಲಿ ಒಬ್ಬರು ಪದಗಳನ್ನೂ ಇನ್ನೊಬ್ಬರು ಮಂಜುಗಡ್ಡೆಯನ್ನೂ ಅಳೆದರೆಂಬುದು ಭಾಷೆಯ ಮೇಷ್ಟರಾದ ನನಗೆ ಹಿತವಾದ ಸಂಗತಿ. ಆ ನಕ್ಷೆಯಿಂದೀಚೆಗೆ ನಡೆದ ಅಳತೆಗಳ ಪ್ರಕಾರ ತುದಿ ವರ್ಷಕ್ಕೆ ಸರಾಸರಿ ಸುಮಾರು 20 ಮೀಟರುಗಳಂತೆ ಹಿಂದೆ ಸರಿದಿದೆ. ಕೆಲವು ದಶಕಗಳಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ.

ಹಿಂದೆ ಸರಿಯುವುದೆಂದರೆ ಹಿಮ ಹಿಮ್ಮುಖವಾಗಿ ನಡೆಯುವುದಲ್ಲ. ಅದು ಸದಾ ಕೆಳಗೇ ಹರಿಯುತ್ತದೆ. ಇದು ಜಮಾಖರ್ಚಿನ ಲೆಕ್ಕ. ಮೇಲೆ ಬೀಳುವ ಹಿಮ ಜಮೆ, ಕೆಳಗೆ ಕರಗುವುದು ಖರ್ಚು. ಎರಡೂ ಸಮನಾಗಿದ್ದರೆ ತುದಿ ಇದ್ದಲ್ಲಿಯೇ ಇರುತ್ತದೆ. ಭೂಮಿಯ ವಾತಾವರಣ ಬಿಸಿಯೇರಿ ಖರ್ಚು ಹೆಚ್ಚಿದಾಗ ಹರಿದು ಬಂದ ಹಿಮ ಮೊದಲಿನ ತುದಿಯನ್ನು ಮುಟ್ಟುವುದಕ್ಕೆ ಮುನ್ನವೇ ನೀರಾಗುತ್ತದೆ. ಗಂಗೋತ್ರಿ ಹಿಮನದಿ ಸುಮಾರು 30 ಕಿಲೋಮೀಟರ್ ಉದ್ದದ ಹಳೆಯ ಶ್ರೀಮಂತ. ಗಂಟು ಸುಲಭಕ್ಕೆ ಕರಗುವಂಥದಲ್ಲ. ಚಿಕ್ಕ ಹಿಮನದಿಗಳಿಗೆ ಆ ಬಲವಿಲ್ಲ.

“ನಾನು ಅಜ್ಜಿಯಾಗುವ ಹೊತ್ತಿಗೆ ಇದು ಇರುತ್ತದೆಯೆ?” ಎಂದು ಮೊಮ್ಮಗಳು ಕೇಳಿದಳು. ಇಂಥ ಪ್ರಶ್ನೆಗೆ ಹೆದರಿಸುವ ಉತ್ತರವನ್ನು ಕೊಡುವುದು ಸುಲಭ. 2007ರಲ್ಲಿ ಹೊರಬಂದ ಅಂತರರಾಷ್ಟ್ರೀಯ ವರದಿಯೊಂದರಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಇಲ್ಲವಾಗುವ ಸಂಭವವಿದೆ ಎಂಬ ಮಾತು ನುಸುಳಿತ್ತು. ಅದಕ್ಕೆ ಆಧಾರವಿಲ್ಲವೆಂದು 2010ರಲ್ಲಿ ಆ ಸಂಸ್ಥೆಯೇ ಹೇಳಬೇಕಾಯಿತು. ಗಂಗೆ ಬತ್ತಿಯೇ ಹೋಗುತ್ತಾಳೆಂಬುದೂ ಅಂಥದೇ ಮಾತು. ಬಯಲಿನ ಗಂಗೆಯ ನೀರಿನಲ್ಲಿ ದೊಡ್ಡ ಪಾಲು ಮಳೆಯದು ಮತ್ತು ಉಪನದಿಗಳದು. ಆದರೆ ಮಳೆಯಿಲ್ಲದ ಬೇಸಗೆಯಲ್ಲಿ ಮೇಲಿನ ಕಣಿವೆಯ ಹಳ್ಳಿಗಳ ಹೊಲಗಳಿಗೆ ಈ ಕರಗುನೀರೇ ಆಸರೆ. ಅವರ ಪಾಲಿಗೆ ಪ್ರತಿ ಮೀಟರೂ ಲೆಕ್ಕಕ್ಕೆ ಬರುತ್ತದೆ. “ಇರುತ್ತದೆ, ಆದರೆ ನೀನು ನಿನ್ನ ಮೊಮ್ಮಕ್ಕಳನ್ನು ಕರೆತಂದರೆ ಇನ್ನೂ ಬಹಳ ದೂರ ನಡೆಸಬೇಕಾಗುತ್ತದೆ. ಎಷ್ಟು ದೂರವೆಂಬುದು ನಾವು ಈಗ ಎಷ್ಟು ಕಲ್ಲಿದ್ದಲು, ಎಣ್ಣೆ ಸುಡುತ್ತೇವೆ ಎಂಬುದರ ಮೇಲಿದೆ” ಎಂದೆ. ಅವಳು 912 ಎಂಬ ಅಂಕಿಯನ್ನೂ ಅಂದಿನ ತಾರೀಕನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಸೊಸೆ ಕೆಳಗಿನ ದಡದಲ್ಲಿ ಕುಳಿತು ಗಿಂಡಿಯನ್ನು ತುಂಬಿಸಿದಳು.

ಮರುದಿನ ಗಂಗೋತ್ರಿಗೆ ಬಂದಾಗ ನನ್ನ ಮನೆಯವರು ಛತ್ರದ ಬಿಸಿಲಿನಲ್ಲಿ ಕುಳಿತು ಬಟ್ಟೆ ಮಡಿಸುತ್ತಿದ್ದರು. ಎರಡು ಸಾವಿರ ಅಡಿ ಇಳಿಯುತ್ತಲೇ ತಲೆನೋವು ಹೇಳಹೆಸರಿಲ್ಲದೆ ಹೋಗಿತ್ತಂತೆ. ಗಿಂಡಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಇಣುಕಿದರು. ತಳದಲ್ಲಿ ರಾಗಿಹಿಟ್ಟಿಗಿಂತ ನುಣುಪಾದ ಬೂದುಹುಡಿ ತೆಳ್ಳಗೆ ಕುಳಿತಿತ್ತು. ಸೋಸಿಬಿಡೋಣವೆಂದ ಮೊಮ್ಮಗನಿಗೆ ಅಕ್ಕ ಬುದ್ಧಿ ಹೇಳಿದಳು. ಅದು ಕೊಳೆಯಲ್ಲ, ಹಿಮನದಿ ಬೀಸುವಕಲ್ಲಿನಂತೆ ಬೆಟ್ಟವನ್ನು ಅರೆದ ಹಿಟ್ಟು. ಆ ಹಿಟ್ಟೇ ಕೆಳಗೆ ಹೋಗಿ ಬಯಲಿನ ಮೆಕ್ಕಲುಮಣ್ಣಾಗುತ್ತದೆ. ನನ್ನ ಮನೆಯವರು ಸೋಸಲಿಲ್ಲ. ಊರಿಗೆ ಬಂದು ಗಂಗಾಸಮಾರಾಧನೆ ಮಾಡಿದ ದಿನ ತೀರ್ಥದ ಜೊತೆ ಆ ಹುಡಿಯೂ ಎಲ್ಲರ ಅಂಗೈಗೆ ಬಂದಿತು.

ಹಿಂದಿರುಗುವಾಗ ಹರ್ಸಿಲಿನ ಸಮೀಪ ಧರಾಲಿ ಎಂಬ ಹಳ್ಳಿಯಲ್ಲಿ ಚಹಕ್ಕೆ ಇಳಿದಿದ್ದೆವು. ಸೇಬಿನ ಕೊಯ್ಲು ನಡೆದಿತ್ತು. ನದಿಯ ಬಳಿ ಕಲ್ಪಕೇದಾರವೆಂಬ ಹಳೆಯ ಶಿವಾಲಯ. ಹಿಂದೆಂದೋ ಪ್ರವಾಹದ ಹೂಳಿನಲ್ಲಿ ಮುಳುಗಿದ್ದನ್ನು ಆಮೇಲೆ ಅಗೆದು ತೆಗೆದದ್ದು. ಅದರ ಹತ್ತಿರ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳು ನನ್ನ ಮನೆಯವರ ಕೈ ಹಿಡಿದು ಬಹಳ ಹೊತ್ತು ಮಾತಾಡಿದಳು. ಅವಳದು ಗಢವಾಲಿ, ಇವರದು ಕನ್ನಡ. ಹೊರಡುವಾಗ ಹಣ ಕೊಟ್ಟ ಸೇಬುಗಳ ಮೇಲೆ ಇನ್ನೂ ನಾಲ್ಕನ್ನು ಮಡಿಲಿಗೆ ಹಾಕಿದಳು.

2025ರ ಆಗಸ್ಟ್ 5ರಂದು ಧರಾಲಿಯ ಮೇಲಿನ ಖೀರ್‌ಗಂಗಾ ಹಳ್ಳದಲ್ಲಿ ಕೆಸರೂ ಬಂಡೆಗಳೂ ಕೂಡಿದ ಮಹಾಪೂರ ನುಗ್ಗಿಬಂದು ಹಳ್ಳಿಯ ಮನೆಗಳನ್ನೂ ಹೋಟೆಲುಗಳನ್ನೂ ಕ್ಷಣಗಳಲ್ಲಿ ಹೂತುಹಾಕಿತು. ಕಲ್ಪಕೇದಾರ ಮತ್ತೊಮ್ಮೆ ಹೂಳಿನೊಳಗೆ ಸೇರಿತು. ಅದಕ್ಕೆ ಇಂಥದೇ ಕಾರಣವೆಂದು ಒಂದು ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಆ ಹಳ್ಳದ ತಲೆಯಲ್ಲಿಯೂ ಹಿಮನದಿ ಉಂಟು. ಹಿಂದೆ ಸರಿದ ಹಿಮ ಬಿಟ್ಟುಹೋದ ಸಡಿಲವಾದ ಕಲ್ಲುಮಣ್ಣು, ನಾವು ಗೋಮುಖದಲ್ಲಿ ಎಡವುತ್ತ ದಾಟಿದಂಥದೇ, ಅಲ್ಲಿಯ ಇಳಿಜಾರುಗಳಲ್ಲಿಯೂ ಇತ್ತು. ಸುದ್ದಿ ಬಂದ ದಿನ ಮೊಮ್ಮಗಳು ಚಿತ್ರಗಳನ್ನು ಒಂದೊಂದಾಗಿ ನೋಡಿ, ನಾವು ಚಹ ಕುಡಿದ ಜಾಗ ಯಾವುದೆಂದು ಹುಡುಕಿದಳು. ನದಿಯ ತಿರುವೊಂದನ್ನು ಬಿಟ್ಟರೆ ಗುರುತು ಸಿಗುವಂಥದು ಏನೂ ಉಳಿದಿರಲಿಲ್ಲ. ನನ್ನ ಮನೆಯವರು ಆ ಮುದುಕಿಯ ಮನೆ ಬೆಟ್ಟದ ಕಡೆಗಿತ್ತೋ ಹೊಳೆಯ ಕಡೆಗಿತ್ತೋ ಎಂದು ಕೇಳಿದರು. ಅವಳು ಕೈಯೆತ್ತಿ ಮೇಲಕ್ಕೆ ತೋರಿಸಿದ್ದನ್ನು ಸೊಸೆ ನೋಡಿದ್ದಳು.